ಪಡಸಾಲೆಯಲ್ಲೊಂದು ಕೆರೆ

ಪೇಟೆಯಿಂದ ಮರಳುವ ಮಗುವೊಂದು, ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಹೊಂಬಣ್ಣದ ಮೀನುಗಳನ್ನು ದೀಪದಂತೆ ಎತ್ತಿ ಹಿಡಿದುಕೊಂಡು ಮನೆಯ ಹೊಸ್ತಿಲು ದಾಟುವ ಸಂಭ್ರಮವನ್ನು ಕಾಣದ ಓಣಿ ಗದಗ-ಬೆಟಗೇರಿಯಲ್ಲಿ ವಿರಳವೆಂದೇ ಹೇಳಬೇಕು. ಆ ದಿನ ಮನೆಯಲ್ಲಿ ಹಬ್ಬ. ತಾಯಿ ದುಂಡನೆಯ ಗಾಜಿನ ಬೋಗುಣಿಯನ್ನು ಸಾಬೂನು ಹಚ್ಚಿ ಥಳಥಳಿಸುವಂತೆ ತೊಳೆಯುತ್ತಾಳೆ. ತಂದೆ ತಾಮ್ರದ ಹಂಡೆಯಿಂದ ತಿಳಿಯಾದ ನೀರನ್ನು ಮೊಗೆದು ತುಂಬುತ್ತಾನೆ. ಅಜ್ಜಿ ಹಿಡಿ ಚುರುಮುರಿಯನ್ನು ಮೇಲೆ ತೇಲಿಬಿಡುತ್ತಾಳೆ. ಒಬ್ಬೊಬ್ಬರೂ ಪ್ರೀತಿಯಿಂದಲೇ ಮಾಡಿದ ಕೆಲಸ. ಆದರೆ ನಾಲ್ಕನೆಯ ದಿನವೋ ಐದನೆಯ ದಿನವೋ ಬೆಳಗಾಗುವಷ್ಟರಲ್ಲಿ ಒಂದು ಮೀನು ಹೊಟ್ಟೆ ಮೇಲಾಗಿ ತೇಲುತ್ತಿರುತ್ತದೆ, ಮರುದಿನ ಇನ್ನೊಂದು. ಮಗು ಅಳುತ್ತದೆ. “ಮೀನು ನಮ್ಮ ಮನೆಗೆ ಆಗಿಬರುವುದಿಲ್ಲ” ಎಂದು ಹಿರಿಯರು ತೀರ್ಪು ಕೊಡುತ್ತಾರೆ; ಬೋಗುಣಿ ಅಟ್ಟ ಸೇರುತ್ತದೆ.

ಆಗಿಬರದಿರುವುದಕ್ಕೆ ಗ್ರಹಗತಿ ಕಾರಣವಲ್ಲ. ಆ ಮನೆಯವರು ಮೀನನ್ನು ತಂದರು, ನೀರನ್ನು ತರಲಿಲ್ಲ, ಇದೇ ಕಾರಣ. ಹಂಡೆಯಲ್ಲಿದ್ದುದು ಮನುಷ್ಯನ ನೀರು. ಅದು ಮೀನಿನ ನೀರಾಗಬೇಕಾದರೆ ಒಂದು ತಿಂಗಳಾದರೂ ಬೇಕು.

ಈ ಮಾತನ್ನು ಸ್ವಲ್ಪ ವಿಸ್ತರಿಸುವುದು ಅಗತ್ಯ. ಮೀನು ತನ್ನ ದೇಹದ ಕಲ್ಮಷವನ್ನು ಬಹುಮಟ್ಟಿಗೆ ಕಿವಿರುಗಳ ಮೂಲಕ ಅಮೋನಿಯದ ರೂಪದಲ್ಲಿ ನೀರಿಗೆ ಬಿಡುತ್ತದೆ. ತಿನ್ನದೆ ಉಳಿದ ಚುರುಮುರಿಯೂ ಕೊಳೆತು ಅದೇ ಅಮೋನಿಯವಾಗುತ್ತದೆ. ಕಣ್ಣಿಗೆ ನೀರು ತಿಳಿಯಾಗಿಯೇ ಕಾಣುತ್ತಿರುತ್ತದೆ. ಮೀನಿಗೆ ಮಾತ್ರ ಅದು ದಿನದಿಂದ ದಿನಕ್ಕೆ ವಿಷವಾಗುತ್ತ ಹೋಗುತ್ತದೆ. ಇಲ್ಲಿ ಗದಗ ಜಿಲ್ಲೆಯವರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ನೀರಿನಲ್ಲಿ ಕರಗಿದ ಅಮೋನಿಯಕ್ಕೆ ಎರಡು ವೇಷ: ಒಂದು ಬಹುಮಟ್ಟಿಗೆ ಸೌಮ್ಯ, ಇನ್ನೊಂದು ಉಗ್ರ. ಯಾವ ವೇಷ ಎಷ್ಟು ಎಂಬುದನ್ನು ನೀರಿನ ಕ್ಷಾರಗುಣವೇ ನಿರ್ಧರಿಸುತ್ತದೆ. ಆಮ್ಲವೂ ಅಲ್ಲದ ಕ್ಷಾರವೂ ಅಲ್ಲದ ನೀರಿನಲ್ಲಿ, ಅಂದರೆ ಪಿ.ಎಚ್. 7 ಇರುವಾಗ, ಉಗ್ರರೂಪ ನೂರರಲ್ಲಿ ಸುಮಾರು ಅರ್ಧ ಪಾಲು ಮಾತ್ರ. ಅದೇ ಪಿ.ಎಚ್. 8ಕ್ಕೆ ಏರಿದರೆ ನೂರರಲ್ಲಿ ಐದು ಪಾಲಿಗೂ ಹೆಚ್ಚು; ಎಂದರೆ ಹತ್ತು ಪಟ್ಟು. ಬಿಸಿಲು ಏರಿದಷ್ಟೂ ಇದು ಇನ್ನೂ ಹೆಚ್ಚುತ್ತದೆ. ಎರೆಭೂಮಿಯ ಕೊಳವೆಬಾವಿಗಳ ನೀರು ಸಾಮಾನ್ಯವಾಗಿ ಕ್ಷಾರದ ಕಡೆಗೇ ವಾಲಿದ್ದು. ಮಲೆನಾಡಿನ ಮೆತ್ತನೆಯ ನೀರಿನಲ್ಲಿ ಹೇಗೋ ದಾಟಿಹೋಗುವ ಅಲಕ್ಷ್ಯ ಬಯಲುಸೀಮೆಯ ನೀರಿನಲ್ಲಿ ದಾಟುವುದಿಲ್ಲ.

ಈ ವಿಷವನ್ನು ತೆಗೆಯುವವರು ಯಾರು? ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳು. ಒಂದು ಬಗೆಯವು ಅಮೋನಿಯವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ; ಅದೂ ವಿಷವೇ. ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಆಗಿ ಮಾಡುತ್ತವೆ. ಅದು ಅಷ್ಟು ಕೆಡುಕಲ್ಲ, ಗಿಡಗಳಿಗಂತೂ ಗೊಬ್ಬರ. ಈ ಪರಿವರ್ತನೆ ಕೇವಲ ರಸಾಯನಕ್ರಿಯೆಯಲ್ಲ, ಜೀವಿಗಳ ಕೆಲಸ ಎಂಬುದನ್ನು 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಎಂಬ ವಿಜ್ಞಾನಿಗಳು ತೋರಿಸಿದರು. 1890ರ ವೇಳೆಗೆ ರಷ್ಯದ ವಿನೊಗ್ರಾಡ್‌ಸ್ಕಿ ಆ ಜೀವಿಗಳನ್ನೇ ಬೇರ್ಪಡಿಸಿ ಬೆಳೆಸಿದನು. ಇವು ತೊಟ್ಟಿಯ ಮರಳು, ಕಲ್ಲು, ಶೋಧಕದ ಸ್ಪಂಜು, ಎಲೆಗಳ ಮೈ ಎಲ್ಲವನ್ನೂ ಆಶ್ರಯಿಸಿ ಬೆಳೆಯುತ್ತವೆ. ಆದರೆ ಬಹು ನಿಧಾನ. ಆದ್ದರಿಂದ ಜಾಣರು ಮೊದಲು ತೊಟ್ಟಿಗೆ ಮರಳು, ಗಿಡ, ನೀರು ಮಾತ್ರ ಹಾಕಿ, ಇಲ್ಲದ ಮೀನಿಗೆ ದಿನಕ್ಕೊಂದು ಚಿಟಿಕೆ ಆಹಾರವನ್ನು ಉದುರಿಸುತ್ತ ನಾಲ್ಕರಿಂದ ಆರು ವಾರ ಕಾಯುತ್ತಾರೆ. ನೆರೆಮನೆಯಲ್ಲಿ ಹಳೆಯ ತೊಟ್ಟಿಯಿದ್ದರೆ ಅಲ್ಲಿಯ ಕೊಳೆಯಾದ ಸ್ಪಂಜಿನ ಒಂದು ತುಂಡನ್ನು ಬೇಡಿ ತಂದು ಹಾಕಿದರೆ ಈ ಅವಧಿ ಬಹಳ ಕಡಿಮೆಯಾಗುತ್ತದೆ. ಹೆಪ್ಪಿಗಾಗಿ ನೆರೆಮನೆಗೆ ಬಟ್ಟಲು ಒಯ್ಯುವ ಪದ್ಧತಿಯನ್ನು ಬಲ್ಲ ಗೃಹಿಣಿಯರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಬೇಡಿ ತಂದ ಹೆಪ್ಪನ್ನು ಯಾರೂ ಸಾಬೂನಿನಿಂದ ತೊಳೆಯುವುದಿಲ್ಲ. ಆದರೆ ಪ್ರತಿ ರವಿವಾರ ತೊಟ್ಟಿಯನ್ನು ಬರಿದುಮಾಡಿ, ಮರಳನ್ನು ಉಜ್ಜಿ, ಕಲ್ಲುಗಳನ್ನು ಕುದಿಸಿ, ಗಾಜನ್ನು ಫಳಫಳ ಹೊಳೆಯಿಸುವ ಮನೆಗಳುಂಟು. ಆ ಮನೆಯವರ ಶುಚಿತ್ವ ಶ್ಲಾಘ್ಯವೇ. ಮೀನಿನ ಪಾಲಿಗೆ ಮಾತ್ರ ಅದು ವಾರಕ್ಕೊಮ್ಮೆ ಬರುವ ಪ್ರಳಯ. ವಾರಕ್ಕೆ ಕಾಲುಭಾಗ ನೀರನ್ನು ತೆಗೆದು ಅಷ್ಟೇ ಹೊಸ ನೀರನ್ನು ಸೇರಿಸುವುದು, ಸ್ಪಂಜನ್ನು ತೆಗೆದ ಆ ಹಳೆಯ ನೀರಿನಲ್ಲಿಯೇ ಒಮ್ಮೆ ಹಿಂಡುವುದು: ಇಷ್ಟೇ ಸಾಕು. ಗಾಜಿನ ಮುಂಭಾಗದ ಪಾಚಿಯನ್ನು ಒರಸಬಹುದು. ಹಿಂಭಾಗದ ಪಾಚಿಯನ್ನು ಬಿಟ್ಟರೆ ಅದನ್ನು ತಿನ್ನುವವರು ಒಳಗೇ ಇದ್ದಾರೆ.

ಮೀನು, ಗಿಡ, ಬಸವನಹುಳು ಈ ಮೂರನ್ನು ಒಂದೇ ಗಾಜಿನ ಪಾತ್ರೆಯಲ್ಲಿಟ್ಟು ಸಂಸಾರ ಹೂಡಿಸಿದ ಮೊದಲಿಗರಲ್ಲಿ ಲಂಡನ್ನಿನ ರಸಾಯನಜ್ಞ ರಾಬರ್ಟ್ ವಾರಿಂಗ್ಟನ್ ಪ್ರಸಿದ್ಧನು. 1849ರಲ್ಲಿ ಅವನು ಹನ್ನೆರಡು ಹದಿಮೂರು ಗ್ಯಾಲನ್ ಹಿಡಿಯುವ ಪಾತ್ರೆಯೊಂದರಲ್ಲಿ ಎರಡು ಚಿಕ್ಕ ಹೊಂಬಣ್ಣದ ಮೀನುಗಳನ್ನೂ ವ್ಯಾಲಿಸ್ನೇರಿಯ ಎಂಬ ನೀರುಗಿಡವನ್ನೂ ಇಟ್ಟನು. ಕೆಲವು ದಿನ ಎಲ್ಲವೂ ಚೆನ್ನಾಗಿತ್ತು. ಬಳಿಕ ಗಿಡದ ಹಳೆಯ ಎಲೆಗಳು ಕೊಳೆತು ನೀರು ಕದಡತೊಡಗಿತು. ಆಗ ಅವನು ಕೊಳದ ಐದಾರು ಬಸವನಹುಳುಗಳನ್ನು ತಂದು ಬಿಟ್ಟನು. ಅವು ಕೊಳೆತುದನ್ನು ತಿಂದು ಮುಗಿಸಿದವು. ನೀರು ಮತ್ತೆ ತಿಳಿಯಾಯಿತು. ಅವುಗಳ ಮೊಟ್ಟೆ-ಮರಿಗಳು ಮೀನಿಗೆ ತಿನಿಸಾದವು. 1850ರಲ್ಲಿ ಲಂಡನ್ನಿನ ಕೆಮಿಕಲ್ ಸೊಸೈಟಿಯ ಮುಂದೆ ಅವನು ಈ ವೃತ್ತಾಂತವನ್ನು ಓದಿದನು. ಮೂರು ವರ್ಷಗಳ ತರುವಾಯ ಅದೇ ನಗರದ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕರಿಗಾಗಿ ಮತ್ಸ್ಯಗೃಹವೇ ತೆರೆಯಿತು. ಬ್ಯಾಕ್ಟೀರಿಯಗಳ ಪಾತ್ರ ವಾರಿಂಗ್ಟನ್ನನಿಗೆ ತಿಳಿದಿರಲಿಲ್ಲ. ಆದರೂ ಅವನ ಕೈ ಸರಿಯಾದ ದಾರಿಯಲ್ಲಿಯೇ ನಡೆದಿತ್ತು.

ಇನ್ನು ನಮ್ಮ ನೀರಿನ ವಿಚಾರ. ಗದಗ-ಬೆಟಗೇರಿಗೆ ತುಂಗಭದ್ರೆಯ ನೀರು ಬರುತ್ತದೆ. ಮುಂಡರಗಿ ತಾಲೂಕಿನ ಹಮ್ಮಿಗಿಯ ಬಳಿ ಹೊಳೆಗೆ ಅಡ್ಡಲಾಗಿ ಕಟ್ಟಿದ ಬ್ಯಾರೇಜನ್ನು ಕಂಡವರು ಅನೇಕರು. ಹೊಳೆಯ ನೀರು ಹೆಚ್ಚು ಗಡಸಲ್ಲ. ಆದರೆ ಶುದ್ಧೀಕರಣಕ್ಕಾಗಿ ಅದಕ್ಕೆ ಕ್ಲೋರಿನ್ ಬೆರೆಸಿರುತ್ತಾರೆ. ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ. ಮೇಲೆ ಹೇಳಿದ ಬ್ಯಾಕ್ಟೀರಿಯಗಳನ್ನೂ ಕೊಲ್ಲುತ್ತದೆ. ಬಾಯಿ ತೆರೆದ ಪಾತ್ರೆಯಲ್ಲಿ ಒಂದೆರಡು ದಿನ ನಿಲ್ಲಿಸಿದರೆ ಅದು ತಾನಾಗಿ ಹಾರಿಹೋಗುತ್ತದೆ. ನಲ್ಲಿಯ ನೀರು ದಿನಗಳ ಅಂತರದಲ್ಲಿ ಬರುವ ಓಣಿಗಳಲ್ಲಿ ಜನ ಡ್ರಮ್ಮುಗಳಲ್ಲಿ ನೀರನ್ನು ಹಿಡಿದಿಡುವುದು ಅನಿವಾರ್ಯ ಕಷ್ಟವಷ್ಟೆ? ಆ ಕಷ್ಟದಿಂದ ಯಾರಿಗಾದರೂ ಒಂದು ಲಾಭವಾಗಿದ್ದರೆ ಅದು ಮೀನಿಗೆ. ತ್ವರೆಯಿದ್ದವರು ಹಿಂದಿನ ಕಾಲದ ಫೋಟೋ ಸ್ಟುಡಿಯೋಗಳಲ್ಲಿ ಬಳಸುತ್ತಿದ್ದ ಹೈಪೋ ಹರಳಿನ ಒಂದೆರಡು ಚೂರನ್ನು ಕರಗಿಸಿ ಬೆರೆಸುವುದುಂಟು. ಅದು ಕ್ಲೋರಿನ್ನನ್ನು ಕೂಡಲೇ ಕಳೆಯುತ್ತದೆ.

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಕೊಳವೆಬಾವಿಯ ನೀರಿನ ಕಥೆ ಬೇರೆ. ಅದು ಗಡಸು ಎಂಬುದನ್ನು ತಿಳಿಯಲು ಪ್ರಯೋಗಶಾಲೆಗೆ ಹೋಗಬೇಕಾಗಿಲ್ಲ. ತೊಗರಿಬೇಳೆ ಬೇಯದಿದ್ದರೆ, ಸಾಬೂನು ನೊರೆಯಾಗದೆ ಮೊಸರೊಡೆದಂತಾದರೆ, ಹಂಡೆಯ ತಳದಲ್ಲಿ ಬಿಳಿಯ ಸುಣ್ಣದ ಪದರ ಕಟ್ಟಿದರೆ ಆ ನೀರು ಗಡಸು; ಅಡುಗೆಮನೆಯೇ ಸಾಕ್ಷಿ. ಮುಂಡರಗಿ ತಾಲೂಕಿನ ಹಲವು ಹಳ್ಳಿಗಳಲ್ಲಿ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ದಾಟಿರುವುದರಿಂದ ಜನ ಶುದ್ಧ ಕುಡಿಯುವ ನೀರಿನ ಘಟಕಗಳ ಮುಂದೆ ಕ್ಯಾನು ಹಿಡಿದು ನಿಲ್ಲುತ್ತಾರೆ. ಕುಡಿಯಲು ಒಳ್ಳೆಯದಾದ ಆ ನೀರನ್ನು ಮೀನಿಗೂ ಕೊಡೋಣವೆಂದು ತೊಟ್ಟಿಯನ್ನು ಅದರಿಂದಲೇ ತುಂಬಿಸುವುದು ಸದುದ್ದೇಶದ ತಪ್ಪು. ಅದರಲ್ಲಿ ಲವಣಾಂಶ ಬಹುಪಾಲು ಹೋಗಿರುತ್ತದೆ. ಅಂಥ ನೀರಿನಲ್ಲಿ ಬಸವನಹುಳುವಿನ ಚಿಪ್ಪು ತೆಳುವಾಗಿ ಸವೆಯುತ್ತದೆ, ನೀರಿನ ಕ್ಷಾರಗುಣವೂ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ಅತಿ ಗಡಸಾದ ನೀರಿಗೆ ಅದನ್ನು ಅರ್ಧದಷ್ಟು ಬೆರೆಸಬಹುದು. ಅಷ್ಟೇ ಅದರ ಉಪಯೋಗ.

ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಗೆ ಸುಮಾರು 54 ಲೀಟರ್ ನೀರು ಹಿಡಿಯುತ್ತದೆ. ತೂಕವೂ ಅಷ್ಟೇ ಕಿಲೋ, ಮರಳು-ಗಾಜು ಬೇರೆ. ಆದುದರಿಂದ ಅದನ್ನು ಗಟ್ಟಿಯಾದ ಕಟ್ಟೆಯ ಮೇಲೆ, ನೇರ ಬಿಸಿಲು ಬೀಳದ ಕಡೆ ಇಡಬೇಕು. ವಾರಕ್ಕೆ ಬದಲಿಸಬೇಕಾದ ಕಾಲುಭಾಗವೆಂದರೆ ಹದಿಮೂರು ಲೀಟರು, ಸುಮಾರು ಒಂದು ಕೊಡ. ವರ್ಷಕ್ಕೆ ಸುಮಾರು 600 ಮಿಲಿಮೀಟರು ಮಳೆಯ ನಾಡಿನಲ್ಲಿ, ಹೆಣ್ಣುಮಕ್ಕಳು ಕೊಡ ನೀರಿಗಾಗಿ ರಾತ್ರಿಯೆಲ್ಲ ಎಚ್ಚರವಿದ್ದು ನಲ್ಲಿ ಕಾಯುವ ಊರಿನಲ್ಲಿ, ಮೀನಿಗೊಂದು ಕೊಡ ನೀರು ಸುರಿಯುವುದು ಯಾವ ನ್ಯಾಯ ಎಂದು ಯಾರಾದರೂ ಕೇಳಿದರೆ ಅದು ಸರಿಯಾದ ಪ್ರಶ್ನೆಯೇ. ಉತ್ತರವೂ ಇದೆ. ತೆಗೆದ ನೀರು ವ್ಯರ್ಥವಲ್ಲ. ಅದರಲ್ಲಿ ನೈಟ್ರೇಟು ಕರಗಿರುತ್ತದೆ. ತುಳಸಿಗೂ ಕರಿಬೇವಿಗೂ ಮಲ್ಲಿಗೆಗೂ ಹೇಗಿದ್ದರೂ ಹಾಕಬೇಕಾಗಿದ್ದ ಒಂದು ಕೊಡ ನೀರು ಇಲ್ಲಿ ತೊಟ್ಟಿಯ ಮಾರ್ಗವಾಗಿ, ಗೊಬ್ಬರವನ್ನು ಹೊತ್ತುಕೊಂಡು ಗಿಡವನ್ನು ಸೇರುತ್ತದೆ. ಮನೆಯ ಲೆಕ್ಕದಲ್ಲಿ ಒಂದು ಹನಿಯೂ ಅಧಿಕವಾಗಬೇಕಾಗಿಲ್ಲ. ಗಿಡಗಳಿಲ್ಲದ ಮನೆಯವರು ಮಾತ್ರ ಈ ಹವ್ಯಾಸವನ್ನು ಕೈಗೊಳ್ಳುವ ಮುನ್ನ ಎರಡು ಸಲ ಯೋಚಿಸುವುದು ಒಳಿತು.

ನೀರಿಗೆ ತಕ್ಕ ಮೀನನ್ನು ಆರಿಸುವುದು ಸುಲಭ. ಮೀನಿಗೆ ತಕ್ಕ ನೀರನ್ನು ಮಾಡುವುದು ಕಷ್ಟ. ದಕ್ಷಿಣ ಅಮೆರಿಕದ ಕಾಡುಹೊಳೆಗಳ ಮೆತ್ತನೆಯ ನೀರಿನಿಂದ ಬಂದ ಡಿಸ್ಕಸ್, ನಿಯಾನ್ ಟೆಟ್ರ ಮೊದಲಾದವು ಅಂಗಡಿಯಲ್ಲಿ ಎಷ್ಟು ಮನೋಹರವಾಗಿ ಕಂಡರೂ ಲಕ್ಷ್ಮೇಶ್ವರದ ಗಡಸುನೀರಿಗೆ ಹೇಳಿಸಿದವಲ್ಲ. ಗಪ್ಪಿ, ಮಾಲಿ, ಪ್ಲಾಟಿ, ಕತ್ತಿಬಾಲದ ಮೀನು ಇವು ಗಡಸು ನೀರಿನಲ್ಲಿ ಹಿಗ್ಗುತ್ತವೆ. ಇವು ಮೊಟ್ಟೆಯಿಡದೆ ಮರಿಹಾಕುವ ಜಾತಿ. ಟ್ರಿನಿಡಾಡಿನ ಗಪ್ಪಿ ಎಂಬ ಮಹನೀಯರು ಕಳುಹಿಸಿದ ಮಾದರಿಗಳಿಂದ 1866ರಲ್ಲಿ ಈ ಪುಟ್ಟ ಮೀನಿಗೆ ಆ ಹೆಸರು ಅಂಟಿತು. ಅದಕ್ಕೂ ಏಳು ವರ್ಷ ಮೊದಲೇ ಬರ್ಲಿನ್ನಿನ ಪೀಟರ್ಸ್ ಅದಕ್ಕೆ ಬೇರೆ ಹೆಸರಿಟ್ಟಿದ್ದನು, ಶಾಸ್ತ್ರಗ್ರಂಥಗಳಲ್ಲಿ ಉಳಿದುದು ಆ ಹೆಸರೇ. ಜನರ ಬಾಯಲ್ಲಿ ಮಾತ್ರ ಗಪ್ಪಿ ಗಪ್ಪಿಯಾಗಿಯೇ ಉಳಿಯಿತು. ಹೊಂಬಣ್ಣದ ಗೋಲ್ಡ್‌ಫಿಶ್ಶೂ ಗಡಸು ನೀರನ್ನು ಸಹಿಸುತ್ತದೆ. ಆದರೆ ಅದು ಗೇಣಿಗೂ ಮೀರಿ ಬೆಳೆಯಬಲ್ಲ, ಹತ್ತಾರು ವರ್ಷ ಬಾಳಬಲ್ಲ ಪ್ರಾಣಿ. ಬೋಗುಣಿಯಲ್ಲಿ ಅದನ್ನು ಇಡುವುದೆಂದರೆ ಎತ್ತನ್ನು ನೆಲುವಿನ ಮೇಲೆ ಕಟ್ಟಿದಂತೆ.

ನಮ್ಮ ದೇಶದ್ದೇ ಮೀನು ಬೇಕೆನ್ನುವವರಿಗೆ ಜೀಬ್ರಾ ಮೀನು ಇದೆ: ಬೆರಳ ಎರಡು ಗೆಣ್ಣಿನಷ್ಟು ಉದ್ದ, ಮೈಯುದ್ದಕ್ಕೂ ನೀಲಿ ಪಟ್ಟೆ, ಕ್ಷಣವೂ ನಿಲ್ಲದ ಚಟುವಟಿಕೆ. ಇದನ್ನು 1822ರಲ್ಲಿ ಶಾಸ್ತ್ರೀಯವಾಗಿ ವರ್ಣಿಸಿದವನು ಫ್ರಾನ್ಸಿಸ್ ಹ್ಯಾಮಿಲ್ಟನ್. ಬುಕಾನನ್ ಎಂಬ ಹೆಸರಿನಿಂದ 1800-01ರಲ್ಲಿ ಮೈಸೂರು ಸೀಮೆಯನ್ನೂ ಕನ್ನಡ ಕರಾವಳಿಯನ್ನೂ ಸುತ್ತಿ ಪ್ರವಾಸಕಥನ ಬರೆದ ವೈದ್ಯನೇ ಇವನು. ಮೊಟ್ಟೆಯೊಳಗಿನ ಮರಿ ಗಾಜಿನಂತೆ ಪಾರದರ್ಶಕವಾಗಿರುವುದರಿಂದ ಇಂದು ಜಗತ್ತಿನ ನಾನಾ ಪ್ರಯೋಗಶಾಲೆಗಳಲ್ಲಿ ಜೀಬ್ರಾ ಮೀನು ವಿಜ್ಞಾನಿಗಳ ಸಂಗಾತಿ. ಒಂದು ಸಂಜೆ ಮಕ್ಕಳನ್ನು ತೊಟ್ಟಿಯ ಮುಂದೆ ಕೂರಿಸಿಕೊಂಡು ಇಷ್ಟನ್ನು ಹೇಳಿದರೆ ಪಾಠಪುಸ್ತಕದ ಮೂರು ಪುಟಗಳಿಗಿಂತ ಹೆಚ್ಚು ಅವರ ಮನಸ್ಸಿನಲ್ಲಿ ನಿಲ್ಲುತ್ತದೆ.

ಮೀನಿಗೆ ಉಣಿಸು ಹಾಕುವ ವಿಷಯದಲ್ಲಿ ಈ ನಾಡಿಗೆ ಬಹು ಪುರಾತನವಾದ ಅಧಿಕಾರವಾಣಿಯೊಂದಿದೆ. ಲಕ್ಷ್ಮೇಶ್ವರವು ಪುಲಿಗೆರೆಯೆಂದೂ ಲಕ್ಕುಂಡಿಯು ಲೊಕ್ಕಿಗುಂಡಿಯೆಂದೂ ಮೆರೆದ ಕಾಲದಲ್ಲಿ ಈ ಪ್ರದೇಶವನ್ನಾಳಿದ ಕಲ್ಯಾಣದ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೇ ಉಂಟು. ಸುಮಾರು 35 ಬಗೆಯ ಮೀನುಗಳನ್ನು ಹೆಸರಿಸಿ, ಯಾವುದು ಸಮುದ್ರದ್ದು, ಯಾವುದು ಹೊಳೆಯದು, ಯಾವುದಕ್ಕೆ ಯಾವ ಆಹಾರ ಎಂಬುದನ್ನು ಅರಸನು ಅಲ್ಲಿ ವಿಂಗಡಿಸಿದ್ದಾನೆ. ಮತ್ಸ್ಯಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಪ್ರಕರಣದ ಮೇಲೆ ಲೇಖನ ಬರೆದು ವಿದ್ವಾಂಸರ ಗಮನ ಸೆಳೆದರು. ಅರಸನ ಉದ್ದೇಶವೇನೋ ಮೀನುಗಳನ್ನು ಕೊಬ್ಬಿಸಿ ಗಾಳ ಹಾಕಿ ಹಿಡಿಯುವ ವಿನೋದ. ಆದರೂ ಒಂದೊಂದು ಜಾತಿಗೂ ಅದರದರ ಆಹಾರ ಬೇರೆ ಎಂಬ ವಿವೇಕವನ್ನು ಎಂಟು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಬರೆದಿಟ್ಟ ನಾಡಿನಲ್ಲಿ ಎಲ್ಲ ಮೀನಿಗೂ ಚುರುಮುರಿಯೇ ಗತಿಯಾಗಬಾರದಷ್ಟೆ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ ಹಾಕಬೇಕು. ವಾರಕ್ಕೊಂದು ದಿನ ಉಪವಾಸವಿದ್ದರೂ ಬಾಧಕವಿಲ್ಲ. ಮನೆಯ ಐವರೂ ಒಬ್ಬರಿಗೊಬ್ಬರು ತಿಳಿಯದಂತೆ ಐದು ಸಲ ಉಣಿಸಿ ಮೀನನ್ನು ಕೊಲ್ಲುವುದು ತುಂಬಿದ ಸಂಸಾರಗಳಲ್ಲಿ ಸಾಮಾನ್ಯ. ಕೆಲಸವನ್ನು ಒಬ್ಬರಿಗೇ ವಹಿಸಬೇಕು, ಮನೆಯ ಮಕ್ಕಳಲ್ಲಿ ಒಬ್ಬರಿಗಾದರೆ ಇನ್ನೂ ಲೇಸು.

ಗಿಡಗಳಲ್ಲಿ ಹೈಡ್ರಿಲ್ಲ ಮತ್ತು ವ್ಯಾಲಿಸ್ನೇರಿಯ ಎರಡೂ ನಮ್ಮ ಕೆರೆ-ಕಾಲುವೆಗಳ ಸ್ವಂತ ಸಂತಾನ. ಗಡಸು ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟಿನಿಂದಲೇ ಇಂಗಾಲವನ್ನು ಹೀರಿಕೊಳ್ಳುವ ಶಕ್ತಿ ಇವೆರಡಕ್ಕೂ ಇದೆ. ಬೇಳೆ ಬೇಯಿಸದ ನೀರು ಇವಕ್ಕೆ ಮೃಷ್ಟಾನ್ನ. ಹೈಡ್ರಿಲ್ಲವನ್ನು ನೆಡಲೂ ಬೇಕಾಗಿಲ್ಲ, ತೇಲಿಬಿಟ್ಟರೆ ಸಾಕು. ವ್ಯಾಲಿಸ್ನೇರಿಯದ ಎಲೆಗಳು ನೀಳವಾದ ಹಸುರು ನಾಡಿಯಂತೆ; ಮರಳಿನಲ್ಲಿ ಬೇರೂರಿದ ಮೇಲೆ ಅದು ಪಕ್ಕಕ್ಕೆ ಕುಡಿ ಚಾಚಿ ಹೊಸ ಗಿಡಗಳನ್ನು ಎಬ್ಬಿಸುತ್ತದೆ. ಅದರ ವಿವಾಹವಂತೂ ಕಾವ್ಯಕ್ಕೆ ಯೋಗ್ಯವಾದುದು. ಹೆಣ್ಣುಹೂವು ಸುರುಳಿದಂಟಿನ ತುದಿಯಲ್ಲಿ ನೀರಿನ ಮೇಲ್ಮೈಗೆ ಬಂದು ಕಾಯುತ್ತದೆ. ಗಂಡುಹೂಗಳು ಧೂಳಿನ ಕಣಗಳಂತೆ ಬುಡದಿಂದ ಕಳಚಿಕೊಂಡು ಮೇಲೇರಿ, ಅರಳಿ, ದೋಣಿಗಳಂತೆ ತೇಲುತ್ತ ಬಂದು ಅದನ್ನು ಸೇರುತ್ತವೆ. ಬಳಿಕ ದಂಟು ಸುರುಳಿ ಸುತ್ತಿಕೊಂಡು ಹೂವನ್ನು ನೀರೊಳಗೆ ಎಳೆದುಕೊಳ್ಳುತ್ತದೆ. ಕಾಯಿ ಬಲಿಯುವುದು ಅಲ್ಲಿಯೇ. ತೊಟ್ಟಿಯಲ್ಲಿ ಇದನ್ನು ಕಾಣುವ ಭಾಗ್ಯ ಎಲ್ಲರಿಗೂ ದೊರೆಯುವುದಿಲ್ಲ.

ಮರಳನ್ನು ಹಳ್ಳದಿಂದ ತರುವವರು ಅದರ ಮೇಲೆ ನಾಲ್ಕು ಹನಿ ಲಿಂಬೆರಸ ಹಿಂಡಿ ನೋಡಬೇಕು. ನೊರೆಯೆದ್ದರೆ ಅದರಲ್ಲಿ ಸುಣ್ಣದ ಹರಳಿದೆ ಎಂದರ್ಥ. ಮೊದಲೇ ಗಡಸಾದ ನೀರನ್ನು ಅದು ಇನ್ನಷ್ಟು ಗಡಸುಮಾಡುತ್ತದೆ. ಎರೆಹೊಲದ ಅಂಚಿನ ಹಳ್ಳಗಳಲ್ಲಿ ಇಂಥ ಹರಳು ಬಹಳ.

ಬಸವನಹುಳುಗಳ ವಿಷಯದಲ್ಲಿ ಜನರ ಅಭಿಪ್ರಾಯ ಎರಡು ಬಗೆ: ಬಿಟ್ಟೂಬಿಡದೆ ಮರಿಹಾಕುವ ಪೀಡೆ ಎಂದು ಕೆಲವರು, ಉಚಿತವಾಗಿ ದೊರೆತ ಜಾಡಮಾಲಿ ಎಂದು ಕೆಲವರು. ಎರಡೂ ನಿಜ. ಅವುಗಳ ಸಂಖ್ಯೆ ಒಂದು ಬಗೆಯ ತಕ್ಕಡಿ. ಉಣಿಸು ಹೆಚ್ಚಾಗಿ ಕೊಳೆಯುತ್ತಿದ್ದರೆ ಅವು ಹೆಚ್ಚುತ್ತವೆ. ಕೈ ಬಿಗಿಹಿಡಿದರೆ ತಾವೇ ಕಡಿಮೆಯಾಗುತ್ತವೆ. ಗಡಸು ನೀರಿನ ಸುಣ್ಣ ಅವುಗಳ ಚಿಪ್ಪಿಗೆ ಬಹು ಹಿತ. ಶಂಖದಂತೆ ಚೂಪಾದ ಒಂದು ಜಾತಿ ಹಗಲೆಲ್ಲ ಮರಳಿನೊಳಗೆ ಹುದುಗಿ, ಅದನ್ನು ನೇಗಿಲಿನಂತೆ ಉಳುತ್ತಿದ್ದು, ರಾತ್ರಿ ದೀಪ ಆರಿದ ಮೇಲೆ ಗಾಜನ್ನೇರುತ್ತದೆ.

ಸಿಗಡಿಗಳು ಈ ಸಂಸಾರದ ಅತ್ಯಂತ ಸುಕುಮಾರ ಸದಸ್ಯರು. ಕೆಂಪು ಚೆರಿ ಸಿಗಡಿ ಎಂದು ಅಂಗಡಿಗಳಲ್ಲಿ ದೊರೆಯುವ, ಚೀನ-ತೈವಾನಿನ ಕಡೆಯ ಮೂಲದ ಜಾತಿ ಗಡಸು ನೀರಿಗೆ ಹೊಂದಿಕೊಳ್ಳುತ್ತದೆ. ತಾಯಿ ಮೊಟ್ಟೆಗಳನ್ನು ಹೊಟ್ಟೆಯಡಿಯ ಕಾಲುಗಳ ನಡುವೆ ಹೊತ್ತು ಗಾಳಿ ಬೀಸುತ್ತಿರುವುದು ಬರಿಗಣ್ಣಿಗೇ ಕಾಣುತ್ತದೆ. ಆದರೆ ನಮ್ಮ ಮನೆಗಳ ಪವಿತ್ರವಾದ ತಾಮ್ರದ ಹಂಡೆ ಇವಕ್ಕೆ ಮೃತ್ಯು. ಲೀಟರಿಗೆ ಒಂದು ಮಿಲಿಗ್ರಾಮಿನ ಕೆಲವೇ ಶತಾಂಶಗಳಷ್ಟು ತಾಮ್ರ ಕರಗಿದ್ದರೂ ಸಿಗಡಿಗಳಿಗೂ ಬಸವನಹುಳುಗಳಿಗೂ ಅಪಾಯವುಂಟು. ಹಂಡೆಯ ನೀರು ಮನುಷ್ಯರಿಗಿರಲಿ; ತೊಟ್ಟಿಗೆ ಮಣ್ಣಿನ ಅಥವಾ ಪ್ಲಾಸ್ಟಿಕ್ಕಿನ ಪಾತ್ರೆಯಲ್ಲಿ ನಿಂತ ನೀರೇ ಮೇಲು. ಮೀನಿನ ಕೆಲವು ಔಷಧಿಗಳಲ್ಲಿಯೂ ತಾಮ್ರವಿರುತ್ತದೆ. ಸಂಜೆಯ ಸೊಳ್ಳೆಬತ್ತಿ ಮತ್ತು ಸೊಳ್ಳೆಯ ಪಿಚಕಾರಿಗಳು ಇನ್ನೊಂದು ಗಂಡಾಂತರ. ಅವುಗಳಲ್ಲಿರುವ ಕೀಟನಾಶಕ ನಮಗೆ ಕೆಮ್ಮನ್ನಷ್ಟೇ ತಂದರೂ ಸಿಗಡಿಯನ್ನು ಕೊಲ್ಲಬಲ್ಲದು, ಮೀನನ್ನೂ ಬಿಡದು. ಹೊಗೆಯಿರುವಷ್ಟು ಹೊತ್ತು ತೊಟ್ಟಿಯನ್ನು ಮುಚ್ಚಿ ಗಾಳಿಯ ಪಂಪನ್ನು ನಿಲ್ಲಿಸಬೇಕು. ಇಲ್ಲವಾದರೆ ಪಂಪೇ ಆ ಗಾಳಿಯನ್ನು ನೀರಿಗೆ ಊದುತ್ತದೆ. ಡೆಂಗೆಯ ಕಾಲದಲ್ಲಿ ಆರೋಗ್ಯ ಇಲಾಖೆಯವರು ಡ್ರಮ್ಮಿಗೆ ಲಾರ್ವಾನಾಶಕ ಹಾಕಿದ್ದರೆ ಆ ನೀರನ್ನು ಸಿಗಡಿಯ ತೊಟ್ಟಿಗೆ ತರಲಾಗದು.

ನಿಜವಾದ ಪರೀಕ್ಷೆ ಬರುವುದು ಏಪ್ರಿಲ್-ಮೇ ತಿಂಗಳಲ್ಲಿ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಯಲ್ಲಿ ಏಳೂವರೆಯಷ್ಟನ್ನು ಮಾತ್ರ ಹಿಡಿಯುತ್ತದೆ. ಅದೇ ಹೊತ್ತಿಗೆ ವಿದ್ಯುತ್ತು ಹೋಗಿ ಪಂಪು ನಿಂತರೆ, ಮೀನು ಕಿಕ್ಕಿರಿದ ತೊಟ್ಟಿಯಲ್ಲಿ ಅನಾಹುತ ಖಂಡಿತ. ಮೀನು ಕಡಿಮೆ, ಗಿಡ ಹೆಚ್ಚು ಇದ್ದ ತೊಟ್ಟಿ ಹಲವು ತಾಸು ತಾಳಿಕೊಳ್ಳುತ್ತದೆ. 54 ಲೀಟರಿಗೆ ಹತ್ತು ಗಪ್ಪಿಗಳು ಸಾಕೆನ್ನುವುದು ಇದಕ್ಕಾಗಿಯೇ. ಗದುಗಿನ ಒಣಗಾಳಿ ಈ ವಿಷಯದಲ್ಲಿ ಉಪಕಾರಿ. ತೊಟ್ಟಿಯ ಬಾಯಿಗೆ ಬಲೆ ಕಟ್ಟಿ ಮೇಲೊಂದು ಚಿಕ್ಕ ಫ್ಯಾನು ಬೀಸುವಂತಿಟ್ಟರೆ, ಮಣ್ಣಿನ ಹರವಿಯ ನೀರು ತಣ್ಣಗಾಗುವ ನ್ಯಾಯದಿಂದಲೇ, ನೀರು ಎರಡು ಮೂರು ಡಿಗ್ರಿ ತಂಪಾಗುತ್ತದೆ. ಆದರೆ ಆವಿಯಾಗಿ ಹೋಗುವುದು ನೀರು ಮಾತ್ರ. ಸುಣ್ಣ ಹಿಂದೆಯೇ ಉಳಿಯುತ್ತದೆ. ಕಡಿಮೆಯಾದುದನ್ನು ಮತ್ತೆ ಗಡಸು ನೀರಿನಿಂದಲೇ ತುಂಬುತ್ತ ಹೋದರೆ ಬೇಸಗೆ ಮುಗಿಯುವುದರೊಳಗೆ ಗಾಜಿನ ಅಂಚಿನಲ್ಲಿ ಬಿಳಿಗೆರೆ ಮೂಡುತ್ತದೆ. ಘಟಕದ ನೀರಿಗಾಗಲಿ ಹಿಡಿದಿಟ್ಟ ಮಳೆನೀರಿಗಾಗಲಿ ಸರಿಯಾದ ಉಪಯೋಗ ಇಲ್ಲಿಯೇ.

ಇಷ್ಟೆಲ್ಲ ಸರಿಯಾಗಿ ನಡೆದರೆ ಒದಗುವ ಕಷ್ಟ ಬೇರೊಂದು ಬಗೆಯದು. ಗಪ್ಪಿ ನಾಲ್ಕು ವಾರಕ್ಕೊಮ್ಮೆ ಹತ್ತಾರು ಮರಿಗಳನ್ನು ಹಾಕುತ್ತದೆ. ಗಂಡು ಜೊತೆಯಲ್ಲಿಲ್ಲದಿದ್ದರೂ ತಾಯಿ ಕೂಡಿಟ್ಟ ಬೀಜದಿಂದ ಕೆಲವು ತಿಂಗಳು ಹೆರುತ್ತಲೇ ಇರಬಲ್ಲದು. ದೀಪಾವಳಿಗೆ ತಂದ ಹತ್ತು ಮೀನು ಯುಗಾದಿಗೆ ನೂರಾಗಿರುತ್ತವೆ. ಆಗ ಮಗು ಕೇಳುತ್ತದೆ: “ಇವನ್ನು ಕೆರೆಗೆ ಬಿಡೋಣವೇ?” ಮನೆಯ ಹಿರಿಯರಿಗೂ ಅದು ಪುಣ್ಯಕಾರ್ಯವೆಂದೇ ತೋರುತ್ತದೆ. ಗದುಗಿನವರಿಗೆ ಭೀಷ್ಮಕೆರೆ ಹತ್ತಿರ. ಶಿರಹಟ್ಟಿ-ಲಕ್ಷ್ಮೇಶ್ವರದವರಿಗೆ ಮಾಗಡಿ ಕೆರೆ.

ಮಾಗಡಿಯ ಕೆರೆ ಬೆಳೆಗೆ ನೀರುಣಿಸಲೆಂದು ಮನುಷ್ಯರೇ ಕಟ್ಟಿದುದು. ಸುಮಾರು 50 ಹೆಕ್ಟೇರಿನ ಹರವು. ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಇಲ್ಲಿಗೆ ಬರುತ್ತವೆ. 2024ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಯನ್ನು ಸೇರಿತು. ಇಂಥ ಕೆರೆಗೆ ಹೊರನಾಡಿನ ಮೀನು, ಹುಳು, ಗಿಡ ಸೇರಿದರೆ ಆಗುವ ಪರಿಣಾಮವನ್ನು ಬಲ್ಲವರು ಊಹಿಸಬೇಕಾಗಿಲ್ಲ, ಉದಾಹರಣೆಗಳು ಬೇಕಾದಷ್ಟಿವೆ. ಸೊಳ್ಳೆಮರಿಗಳನ್ನು ತಿನ್ನಲೆಂದು 1928ರಲ್ಲಿ ಇಟಲಿಯಿಂದ ಬೆಂಗಳೂರಿಗೆ ತರಿಸಿದ ಗಂಬೂಸಿಯ ಮೀನು ಇಂದು ಲೋಕದ ನೂರು ಅತಿಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಅದು ಸೊಳ್ಳೆಯ ಜೊತೆಗೆ ಸ್ಥಳೀಯ ಮೀನುಗಳ ಮೊಟ್ಟೆ-ಮರಿಗಳನ್ನೂ ಕಪ್ಪೆಯ ಮರಿಗಳನ್ನೂ ತಿಂದಿತು. ಹೂವಿನ ಸೊಬಗಿಗೆ ಮರುಳಾಗಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂಗಾಳಕ್ಕೆ ತಂದ ನೀಲಿಹೂವಿನ ಜಲಕಳೆ ಇಂದು ಯಾವ ಊರಿನ ಕೆರೆಯಲ್ಲಿಲ್ಲ? ಗಾಜಿನ ಪಾಚಿ ನೆಕ್ಕಲೆಂದು ತರುವ ದಕ್ಷಿಣ ಅಮೆರಿಕದ ಚಿಪ್ಪುಮೈಯ ಮೀನು ತೊಟ್ಟಿಗೆ ದೊಡ್ಡದಾದಾಗ ಹೊಳೆಗೆ ಬಿದ್ದು, ಆಂಧ್ರದ ಕೃಷ್ಣಾ ತೀರದ ಬೆಸ್ತರ ಬಲೆಗಳನ್ನು ಹರಿಯುತ್ತಿದೆ.

ಆದ್ದರಿಂದ ಮಗುವಿಗೆ ಹೇಳಬೇಕಾದುದು, ಕೆರೆಗೆ ಬಿಡುವುದು ಬೇಡ ಎಂದೇ. ಹೆಚ್ಚಾದ ಮರಿಗಳನ್ನು ನೆರೆಮನೆಗೆ, ಶಾಲೆಗೆ, ಒಪ್ಪಿದರೆ ಅಂಗಡಿಗೆ ಕೊಡಬಹುದು. ಗಂಡು-ಹೆಣ್ಣುಗಳನ್ನು ಬೇರೆ ಬೇರೆ ತೊಟ್ಟಿಯಲ್ಲಿಡಬಹುದು. ಹೊರಗಿನ ನೀರಿಗೆ ಸಂಬಂಧವಿಲ್ಲದ ಸಿಮೆಂಟಿನ ತೊಟ್ಟಿಯಲ್ಲಿ ನಾಲ್ಕು ಗಪ್ಪಿಗಳನ್ನು ಬಿಟ್ಟರೆ ಸೊಳ್ಳೆಮರಿಗಳು ಉಳಿಯುವುದಿಲ್ಲ. ಕೋಲಾರ ಜಿಲ್ಲೆಯ ಕಾಮಸಮುದ್ರದ ಕಡೆ ಮಲೇರಿಯವನ್ನು ತಡೆಯಲು ಬಾವಿಗಳಲ್ಲಿ ಗಪ್ಪಿಯನ್ನು ಬಿಟ್ಟು ಫಲ ಕಂಡದ್ದುಂಟು. ವಾರಕ್ಕೊಮ್ಮೆ ತೆಗೆಯುವ ಆ ಒಂದು ಕೊಡ ನೀರನ್ನೂ ಗಟಾರಕ್ಕೆ ಚೆಲ್ಲಬಾರದು. ಗಟಾರ ಹಳ್ಳವನ್ನು ಸೇರುತ್ತದೆ, ಹಳ್ಳ ಕೆರೆಯನ್ನು. ಆ ನೀರಿನಲ್ಲಿ ಕಣ್ಣಿಗೆ ಕಾಣದ ಹುಳುವಿನ ಮೊಟ್ಟೆಯೂ ಹೈಡ್ರಿಲ್ಲದ ತುಣುಕೂ ಹರಿದುಹೋಗುತ್ತವೆ. ಮಲ್ಲಿಗೆಯ ಬುಡದಲ್ಲಿ ಅವು ಒಣಗಿ ಮಣ್ಣಾಗುತ್ತವೆ.